ಅಡ್ಡ ಬಂದ ಹಸು

ನವೆಂಬರ್ ೪, ಸೋಮವಾರ

ಮಲಗಿದರೂ ಎಂಜಿನ್ ನಿಲ್ಲುತ್ತಿಲ್ಲ. ಲಾರಿಯೇನೋ ಶೆಡ್ಡಿನಲ್ಲಿ ತಣ್ಣಗೆ ನಿಂತಿದೆ, ನನ್ನ ತಲೆಯೊಳಗೆ ಮಾತ್ರ ಓಡುತ್ತಲೇ ಇದೆ. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ನೋಟ್‌ಬುಕ್ಕು ಕಪಾಟಿನಲ್ಲಿ ಸಿಕ್ಕಿತು. ನಾಲ್ಕು ಸಾಲು ಗೀಚಿದರೆ ನಿದ್ದೆ ಬಂದೀತು ಎಂದು ಕೂತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಮೊದಲ ರಾತ್ರಿ ಮುಗಿಯಿತು. ಇಪ್ಪತ್ತು ವರ್ಷ ಅಸುನ್ಸಿಯೋನ್ ಪೇಟೆಯೊಳಗೆ ಹಗಲು ಬಸ್ಸು ಓಡಿಸಿದವನು ನಾನು. ಆ ಲೈನು ಮುಚ್ಚಿತು. ನಲವತ್ತನಾಲ್ಕರ ಡ್ರೈವರನಿಗೆ ಬೇರೆ ಬಸ್ಸಿನವರು ಯಾರೂ ಕೆಲಸ ಕೊಡಲಿಲ್ಲ. ದೋನ್ ಅನ್ಸೆಲ್ಮೊ ಅವರ ದನದ ಲಾರಿ ಸಿಕ್ಕಿತು. ಸಂಜೆ ವಿಲ್ಯಾ ಆಯೆಸ್‌ನಿಂದ ಖಾಲಿ ಹೊರಟು ಚಾಕೊ ಬಯಲಿನೊಳಕ್ಕೆ ಹೋಗುವುದು, ಕತ್ತಲಾದ ಮೇಲೆ ಫಾರಂನಲ್ಲಿ ದನ ತುಂಬುವುದು, ಬಿಸಿಲೇರುವ ಮೊದಲು ನದಿ ದಾಟಿ ಕಸಾಯಿಖಾನೆಗೆ ಮುಟ್ಟಿಸುವುದು. ಹಗಲು ಸಾಗಿಸಿದರೆ ಈ ಸೆಕೆಗೆ ದನಗಳು ದಾರಿಯಲ್ಲೇ ಸಾಯುತ್ತವೆ. ಹಾಗಾಗಿ ಎಲ್ಲವೂ ರಾತ್ರಿಯೇ.

ಕೆಲಸ ತೋರಿಸಿಕೊಡಲು ಎವಾರಿಸ್ತೊ ಜೊತೆಗೆ ಬಂದಿದ್ದ. ದೋನ್ ಅನ್ಸೆಲ್ಮೊ ಹತ್ತಿರ ಎಲ್ಲರಿಗಿಂತ ಹಳೆಯ ಡ್ರೈವರ್ ಅವನೇ. ನಾನು ಬಸ್ಸಿನವನು ಎಂದು ತಿಳಿದಾಗಿನಿಂದ ಅವನಿಗೆ ನಗುವೇ ನಗು.

"ನಿನ್ನ ಹಳೇ ಪ್ಯಾಸೆಂಜರ್‌ಗಳಿಗಿಂತ ಇವೇ ವಾಸಿ ಮಾರಾಯ. ಚಿಲ್ಲರೆ ಕೇಳಲ್ಲ, ಗಂಟೆ ಹೊಡೆಯಲ್ಲ. ಎಲ್ಲರದ್ದೂ ಒಂದೇ ಸ್ಟಾಪು."

ಪೋಸೊ ಕೊಲೊರಾದೊ ಊರು ದಾಟಿದ ಮೇಲೆ ಹಿಂದೆ ಒಂದು ಕಡಸು ಬಿತ್ತು. ಬಿದ್ದ ದನವನ್ನು ಉಳಿದವು ತುಳಿದು ಕೊಲ್ಲುತ್ತವಂತೆ, ಕೂಡಲೇ ಎಬ್ಬಿಸಬೇಕಂತೆ. ಎವಾರಿಸ್ತೊ ಶಾಕ್ ಕೊಡುವ ಕೋಲನ್ನು ನನ್ನ ಕೈಗಿತ್ತ. ನನಗೆ ಮನಸ್ಸು ಬರಲಿಲ್ಲ. ಪಕ್ಕದ ಹಲಗೆ ಹತ್ತಿ, ಕೈ ಒಳಗೆ ಹಾಕಿ, ಅದರ ಬಾಲ ಹಿಡಿದು ಎತ್ತುತ್ತ, ಏಳು ತಾಯಿ, ಏಳು ಎಂದು ಬೇಡಿಕೊಂಡೆ. ಬೆವರು ಕಣ್ಣಿಗಿಳಿಯಿತು. ಕೊನೆಗೆ ಎದ್ದಿತು. ಹೀಗೆ ಒಂದೊಂದನ್ನೂ ಬೇಡಿಕೊಳ್ಳುತ್ತ ಹೋದರೆ ಈಸ್ಟರ್ ಹೊತ್ತಿಗೆ ಊರು ಮುಟ್ಟುತ್ತೇವೆ ಎಂದು ಎವಾರಿಸ್ತೊ ನಕ್ಕ. ನಾನೂ ನಕ್ಕೆ. ಕಡಸು ಎದ್ದಿತಲ್ಲ.


ನವೆಂಬರ್ ೭, ಗುರುವಾರ

ತಗಡಿನ ಮಾಡು ಬೆಳಿಗ್ಗೆಯೇ ಕಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋಣೆ ಬಾಣಲೆಯಾಗುತ್ತದೆ, ನಾನು ಅದರಲ್ಲಿ ಮಗುಚಿ ಮಗುಚಿ ಬೇಯುತ್ತೇನೆ. ಹೆಂಡತಿ ಸೆಲ್ವಾ ಕಿಟಕಿಗೆ ಒದ್ದೆ ಹೊದಿಕೆ ನೇತುಹಾಕಿದ್ದಾಳೆ. ಪಕ್ಕದ ಮನೆಯವರಿಗೆ ಹೇಳಿ ರೇಡಿಯೋ ಸಣ್ಣ ಮಾಡಿಸಿದ್ದಾಳೆ. ಹುಂಜಕ್ಕೆ ಮಾತ್ರ ಹೇಳಲಾಗಲಿಲ್ಲವಂತೆ.

ಅವಳದ್ದೂ ಹೊತ್ತಲ್ಲದ ಹೊತ್ತಿನ ಕೆಲಸವೇ. ಅಂಗಳದ ಮಣ್ಣಿನ ಒಲೆಯಲ್ಲಿ ಬೆಳಗಿನ ಜಾವ ಚಿಪಾ ಬನ್ನು ಬೇಯಿಸಿ, ಮೊದಲ ಬಸ್ಸಿನವರಿಗೆ ಮಾರಲು ಬುಟ್ಟಿ ಹೊತ್ತು ನಿಲ್ದಾಣಕ್ಕೆ ಹೋಗುತ್ತಾಳೆ. ಮೊದಲೆಲ್ಲ ಅವಳು ಮರಗೆಣಸಿನ ಹಿಟ್ಟು ನಾದುವಾಗ ನಾನು ಮಾತೆ ಎಲೆಯ ಬಿಸಿ ಕಷಾಯ ಮಾಡುತ್ತಿದ್ದೆ. ಒಂದೇ ಸೋರೆಬುರುಡೆಯಿಂದ ಇಬ್ಬರೂ ಹೀರುತ್ತ ಕೂರುತ್ತಿದ್ದೆವು. ಹೆಚ್ಚು ಮಾತೇನಿರುತ್ತಿರಲಿಲ್ಲ. ಈಗ ಅವಳು ಒಲೆ ಹಚ್ಚುವ ಹೊತ್ತಿಗೆ ನಾನೆಲ್ಲೋ ತಾಳೆ ಬಯಲಿನ ನಡುವೆ ಇರುತ್ತೇನೆ. ನಾನು ಬರುವಾಗ ಅವಳಿರುವುದಿಲ್ಲ, ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಚಿಪಾ ಇರುತ್ತವೆ. ಮುಟ್ಟಿದರೆ ಇನ್ನೂ ಬೆಚ್ಚಗೆ.

ಎದ್ದಾಗ ಸಂಜೆ. ಎದ್ದವನು ಬೆಳಗಿನಂತೆ ಬಿಸಿ ಮಾತೆ ಕುಡಿಯಬೇಕೋ, ಸೆಕೆಯೆಂದು ಅದೇ ಎಲೆಗೆ ಐಸು ಹಾಕಿದ ತೆರೆರೆ ಕುಡಿಯಬೇಕೋ ಗೊತ್ತಾಗುವುದಿಲ್ಲ. ಇದನ್ನು ಹೇಳಿದಾಗ ಸೆಲ್ವಾ ಬಹಳ ನಕ್ಕಳು.


ನವೆಂಬರ್ ೧೫, ಶುಕ್ರವಾರ

ಈಗ ಒಬ್ಬನೇ ಓಡಿಸುತ್ತೇನೆ. ರಾತ್ರಿಯ ರಸ್ತೆ ಅಷ್ಟೇನೂ ಕೆಟ್ಟದ್ದಲ್ಲ. ನಿನ್ನೆ ಮಳೆ ಬಂದು ನಿಂತಿತ್ತು. ಎರಡೂ ಕಡೆ ನೀರು, ಕಪ್ಪೆಗಳ ಗದ್ದಲಕ್ಕೆ ಎಂಜಿನ್ನೇ ಕೇಳುತ್ತಿರಲಿಲ್ಲ. ಒಂದು ಇರುವೆಬಾಕ ಆಮೆಗಿಂತ ನಿಧಾನವಾಗಿ ರಸ್ತೆ ದಾಟಿತು, ದೀಪ ಆರಿಸಿ ಕಾದೆ.

ಬಿಳಿ ಮುಖದ ಒಂದು ಹೋರಿ ದಾರಿಯುದ್ದಕ್ಕೂ ಹಲಗೆಯ ಸಂದಿನಿಂದ ಮೂತಿ ಹೊರಗಿಟ್ಟುಕೊಂಡೇ ಬಂತು, ನಮ್ಮ ಹಳೆಯ ಲೈನಿನ ಕಂಡಕ್ಟರ್ ಬಾಗಿಲಲ್ಲಿ ನಿಂತ ಹಾಗೆ. ಪ್ರತಿ ಸಲ ಇಳಿದು ನೋಡುವಾಗಲೂ ನನ್ನ ತೋಳು ನೆಕ್ಕಿತು. ಕಸಾಯಿಖಾನೆಯಲ್ಲಿ ಇಳಿಸುವಾಗ ನಾನು ಆ ಕಡೆ ಹೋಗಲಿಲ್ಲ, ಟಯರು ನೋಡುವ ನೆಪದಲ್ಲಿ ಈಚೆ ಬದಿಯಲ್ಲೇ ಇದ್ದೆ.


ನವೆಂಬರ್ ೧೭, ಭಾನುವಾರ

ವಾರಕ್ಕೊಂದು ರಾತ್ರಿ ಮನೆಯಲ್ಲಿ. ಕಣ್ಣು ಮುಚ್ಚಲಿಲ್ಲ. ಅಂಗಳಕ್ಕೆ ಹೋಗಿ ಕುರ್ಚಿ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಸೆಲ್ವಾ ತನ್ನ ಕುರ್ಚಿಯನ್ನೂ ಎಳೆದುಕೊಂಡು ಬಂದಳು. ಒಬ್ಬನೇ ಕೂತರೆ ದೆವ್ವ ಅಂದುಕೊಂಡು ನಾಯಿ ಬೊಗಳುತ್ತದೆ ಎಂದಳು. ಮಗಳಿಗೆ ಮಗು ಮಲಗಿಸಲು ಬರುವುದಿಲ್ಲ ಎಂಬುದರಿಂದ ಹಿಡಿದು ನಿಲ್ದಾಣದಲ್ಲಿ ಇಬ್ಬರು ಚಿಪಾ ಮಾರುವವರು ಜಡೆ ಹಿಡಿದು ಜಗಳವಾಡಿದ್ದರ ತನಕ ಎಲ್ಲ ಹೇಳಿದಳು. ಮಾತಿನ ನಡುವೆಯೇ ತೂಕಡಿಸಿದಳು. ಒಳಗೆ ಹೋಗಿ ಮಲಗು ಎಂದರೂ ಕೇಳಲಿಲ್ಲ.


ನವೆಂಬರ್ ೨೭, ಬುಧವಾರ

ಮಧ್ಯಾಹ್ನ ಪಾತ್ರೆ ಬಿದ್ದ ಸದ್ದಿಗೆ ಎದ್ದೆ. ಆಮೇಲೆ ನಿದ್ದೆ ಬರಲಿಲ್ಲ. ಇಡೀ ದಿನದಲ್ಲಿ ಆ ಪಾತ್ರೆ ಬೀಳಿಸಲು ಇನ್ನೊಂದು ಹೊತ್ತು ಸಿಗಲಿಲ್ಲವೇ ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿರಬೇಕು. ಅವಳು ಪಾತ್ರೆಗಳನ್ನು ಅಂಗಳಕ್ಕೆ ಹೊತ್ತುಕೊಂಡು ಹೋದಳು.


ಡಿಸೆಂಬರ್ ೮, ಭಾನುವಾರ

ಇವತ್ತು ಕಾಕುಪೆಯ ಕನ್ಯಾಮಾತೆಯ ಹಬ್ಬ. ಪ್ರತಿ ವರ್ಷ ಹಿಂದಿನ ಸಂಜೆ ಇಬ್ಬರೂ ಜನಸಾಗರದ ಜೊತೆ ನಡೆದು ಹೋಗುತ್ತಿದ್ದೆವು. ಈ ಸಲ ಸೆಲ್ವಾ ಅಕ್ಕನ ಜೊತೆ ಹೋದಳು. ನಿನಗೂ ಸೇರಿಸಿ ಮೇಣದಬತ್ತಿ ಹಚ್ಚುತ್ತೇನೆ ಎಂದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ ಬಂದು ಬಿದ್ದವನು ಸಂಜೆಯವರೆಗೂ ಒಂದೇ ನಿದ್ದೆ. ಇಂಥ ನಿದ್ದೆ ಈ ಕೆಲಸಕ್ಕೆ ಸೇರಿದ ಮೇಲೆ ಬಂದಿರಲಿಲ್ಲ. ಮನೆ ಖಾಲಿಯಿದ್ದರೆ ಎಷ್ಟು ಹಾಯಿ.


ಡಿಸೆಂಬರ್ ೧೪, ಶನಿವಾರ

ಎವಾರಿಸ್ತೊ ಒಂದು ಮಾತ್ರೆ ಕೊಟ್ಟಿದ್ದಾನೆ. ಎಲ್ಲರೂ ತೆಗೆದುಕೊಳ್ಳುತ್ತಾರಂತೆ. ರಾತ್ರಿ ಕಣ್ಣಿಗೆ ಕಡ್ಡಿ ಇಟ್ಟ ಹಾಗೆ ಇರುತ್ತದೆ, ಒಳ್ಳೆಯದೇ. ಬೆಳಿಗ್ಗೆಯೂ ಹಾಗೆಯೇ ಇರುತ್ತದೆ, ಅದು ತೊಂದರೆ.

ಕೋಲು ಬಳಸುವುದು ರೂಢಿಯಾಯಿತು. ಕೈ ಹಾಕಿ ಎತ್ತುತ್ತ ಕೂರಲು ಹೊತ್ತಿಲ್ಲ. ಒಂದು ಸಲ ಮುಟ್ಟಿಸಿದರೆ ಏಳುತ್ತವೆ. ಏಳದಿದ್ದರೆ ಎರಡು ಸಲ. ಸರಕು ಮುಟ್ಟಬೇಕು, ಅಷ್ಟೇ.


ಡಿಸೆಂಬರ್ ೨೫, ಬುಧವಾರ

ನಿನ್ನೆ ರಾತ್ರಿ ರಜೆ. ಮಗಳು ಲೀಸ್ ಗಂಡನ ಊರು ಎನ್ಕರ್ನಸಿಯೋನ್‌ನಿಂದ ಮಗುವನ್ನು ಕರೆದುಕೊಂಡು ಬಂದಿದ್ದಳು. ಸೆಲ್ವಾ ಗೋದಲಿಯ ಮೇಲೆ ತೆಂಗಿನ ಹೂವಿನ ಗೊನೆ ಕಟ್ಟಿದ್ದಳು, ಮನೆಯೆಲ್ಲ ಅದರ ಘಮ. ನಾನು ಊಟಕ್ಕೆ ಮೊದಲು ಐದು ನಿಮಿಷ ಒರಗುತ್ತೇನೆ ಎಂದು ಒರಗಿದೆ. ಎದ್ದಾಗ ಹನ್ನೆರಡು ಹೊಡೆದು, ಪಟಾಕಿ ಮುಗಿದು, ಎಲ್ಲರ ಊಟವಾಗಿತ್ತು. ಎಬ್ಬಿಸಬಾರದಿತ್ತೇ ಎಂದೆ. ಎಬ್ಬಿಸಲು ಹೆದರಿಕೆಯಾಯಿತು ಎಂದಳು ಲೀಸ್. ಏನೋ ತಮಾಷೆಗೆ ಅಂದಿರಬೇಕು.

ಇವತ್ತು ಬೆಳಿಗ್ಗೆ ನಾನು ಮತ್ತೆ ಮಲಗಿದಾಗ ಮಗು ರಚ್ಚೆ ಹಿಡಿದು ಅಳುತ್ತಿತ್ತು. ಬಾಗಿಲು ತೆರೆದು ಒಂದು ಮಾತು ಅಂದೆ. ನಾಳೆಯವರೆಗೆ ಇರುತ್ತೇನೆ ಎಂದಿದ್ದವಳು ಮಧ್ಯಾಹ್ನದ ಬಸ್ಸಿಗೇ ಹೊರಟಳು. ಅಲ್ಲಿ ಏನೋ ಕೆಲಸವಿದೆಯೆಂದು ಸೆಲ್ವಾ ಹೇಳಿದಳು. ಒಂದು ದಿನದ ಮಟ್ಟಿಗೆ ಅಷ್ಟು ದೂರ ಯಾಕೆ ಬರಬೇಕಿತ್ತೋ.


ಜನವರಿ ೩, ಶುಕ್ರವಾರ

ತುಂಬಿದೆ, ಇಳಿಸಿದೆ. ಎರಡು ಸತ್ತವು. ಸೆಕೆ.


ಜನವರಿ ೯, ಗುರುವಾರ

ನಿಲ್ದಾಣದಿಂದ ಬಂದ ಮೇಲೆ ಸೆಲ್ವಾ ಅಕ್ಕನ ಮನೆಗೆ ಹೋಗುತ್ತಾಳೆ, ನಾನು ಸಂಜೆ ಹೊರಟ ಮೇಲೆ ಬರುತ್ತಾಳೆ. ಅಕ್ಕನ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮಬಹುದು ಎಂದಳು. ಅದೇ ಒಳ್ಳೆಯದು. ಮೇಜಿನ ಮೇಲೆ ಚಿಪಾ ಇಡುವುದನ್ನು ಮರೆತಿಲ್ಲ. ತಿನ್ನಲು ಮನಸ್ಸಿಲ್ಲ, ನಾಯಿಗೆ ಹಾಕಿದೆ.


ಜನವರಿ ೧೬, ಗುರುವಾರ

ಮೂರು ದಿನದಿಂದ ಬಡಗಣ ಗಾಳಿ. ಒಲೆಯ ಬಾಯಿಂದ ಬಂದ ಹಾಗೆ ಬೀಸುತ್ತಿದೆ. ಎರಡು ದಿನದಿಂದ ಊರಿಗೆ ಕರೆಂಟಿಲ್ಲ, ಫ್ಯಾನಿಲ್ಲ. ನೆಲದ ಮೇಲೆ ನೀರು ಚೆಲ್ಲಿಕೊಂಡು ಮಲಗಿದೆ. ನಿದ್ದೆಯಿಲ್ಲ.

ನಿನ್ನೆ ರಾತ್ರಿ ರಸ್ತೆ ನಡುವೆ ಕಂಬಳಿ ಹೊದ್ದ ಒಬ್ಬ ಮನುಷ್ಯ ನಿಂತಿದ್ದ. ಬ್ರೇಕು ಒತ್ತಿ ಇಳಿದೆ. ಯಾರೂ ಇರಲಿಲ್ಲ. ಈ ಸೆಕೆಗೆ ಕಂಬಳಿ ಯಾರು ಹೊದೆಯುತ್ತಾರೆ.

ಸಂಜೆ ಸೆಲ್ವಾ ಅಕ್ಕನ ಮನೆಯಿಂದ ಬೇಗ ಬಂದು ಬಾಗಿಲಲ್ಲಿ ನಿಂತಳು. "ಇವತ್ತೊಂದಿನ ಹೋಗ್ಬೇಡ ವಿಲ್ಫ್ರಿ. ನಿನ್ನ ಕಣ್ಣು ನೋಡ್ಕೊಂಡಿದ್ದೀಯಾ?"

ಲಾರಿ ನೀನು ಓಡಿಸುತ್ತೀಯಾ ಎಂದು ಕೇಳಿದೆ. ಮಾತ್ರೆ ಎರಡು ತೆಗೆದುಕೊಂಡಿದ್ದೇನೆ.


ಜನವರಿ ೧೮, ಶನಿವಾರ

ಹಣೆಗೆ ಹೊಲಿಗೆ ಹಾಕಿದ್ದಾರೆ. ಎಡಗೈ ಎತ್ತಲಾಗುವುದಿಲ್ಲ, ಬರೆಯುವ ಕೈ ಸರಿಯಿದೆ.

ನಡೆದದ್ದನ್ನು ಬರೆದುಬಿಡುತ್ತೇನೆ. ಗುರುವಾರ ರಾತ್ರಿ, ಪೋಸೊ ಕೊಲೊರಾದೊ ದಾಟಿ ಈಚೆಗೆ ಬರುತ್ತಿದ್ದೆ. ಲಾರಿ ತುಂಬ ದನ. ರಸ್ತೆ ಗೆರೆ ಎಳೆದ ಹಾಗೆ ನೇರ. ಹಾಡಿದೆ, ಕೆನ್ನೆಗೆ ಹೊಡೆದುಕೊಂಡೆ, ತಲೆಯನ್ನು ಕಿಟಕಿಯ ಹೊರಗಿಟ್ಟೆ, ಗಾಳಿಯೇ ಬಿಸಿ. ಕಣ್ಣು ಮುಚ್ಚಿದ್ದು ನೆನಪಿಲ್ಲ. ಹುಲ್ಲು ಬಾಗಿಲಿಗೆ ಬಡಿಯುವ ಸದ್ದಿಗೆ ಎಚ್ಚರವಾಯಿತು. ರಸ್ತೆಯಲ್ಲಿ ಹುಲ್ಲೆಲ್ಲಿಂದ ಬಂತು ಎಂದುಕೊಂಡೆ. ಅಷ್ಟರಲ್ಲಿ ಲಾರಿ ಎದುರು ಬದಿಯ ಕಾಲುವೆಗೆ ಇಳಿದು ಮಗುಚಿತು.

ಆಮೇಲೆ ಕೇಳಿಸಿದ್ದು ದನಗಳು. ಆ ಸದ್ದನ್ನು ಬರೆಯಲಾರೆ.

ಕಿಟಕಿಯಿಂದ ಹೊರಗೆ ಬಂದೆ. ಹಿಂದಿನ ಬಾಗಿಲು ಒಡೆದು ಕೆಲವು ಕತ್ತಲಲ್ಲಿ ಎದ್ದು ನಿಂತಿದ್ದವು, ಕೆಲವು ಎದ್ದಿರಲಿಲ್ಲ. ರಸ್ತೆ ಪಕ್ಕದ ಎನ್‌ಶೆತ್ ಬುಡಕಟ್ಟಿನ ಜನರ ಗುಡಿಸಲುಗಳಿಂದ ದೀಪ ಹಿಡಿದು ನಾಲ್ಕೈದು ಮಂದಿ ಓಡಿಬಂದರು. ಒಬ್ಬ ಮುದುಕಿ ನನ್ನನ್ನು ತಾಳೆ ಮರಕ್ಕೆ ಒರಗಿಸಿ ಕೂರಿಸಿ, ತನ್ನ ತಲೆವಸ್ತ್ರ ಬಿಚ್ಚಿ ಹಣೆಗೆ ಕಟ್ಟಿ, ನೀರು ಕುಡಿಸಿದಳು. ಹೆಸರು ರಮೋನಾ ಎಂದಳು. ಅವಳ ಕಡೆಯವರು ಹಗ್ಗವಿಲ್ಲದೆ, ಕೂಗಾಟವಿಲ್ಲದೆ, ಬರೀ ನಾಲಗೆಯಿಂದ ಸದ್ದು ಮಾಡುತ್ತ ದನಗಳನ್ನು ರಸ್ತೆಯಿಂದ ಈಚೆ ತಂದು ಒಟ್ಟು ಮಾಡಿದರು.

ಆಗ ಉತ್ತರಕ್ಕೆ ಹೋಗುವ ರಾತ್ರಿ ಬಸ್ಸು ಬಂತು. ದೀಪ ನೋಡಿ ನಿಧಾನ ಮಾಡಿ, ನನ್ನ ಲಾರಿ ಅಡ್ಡ ದಾಟಿದ ಬದಿಯಲ್ಲೇ, ನನ್ನ ಮುಂದೆಯೇ ಸಾಗಿತು. ಒಳಗೆ ಸಣ್ಣ ನೀಲಿ ದೀಪ. ಜನ ಕಿಟಕಿಗೆ ತಲೆ ಒರಗಿಸಿ ಮಲಗಿದ್ದರು. ಒಬ್ಬ ಹೆಂಗಸಿನ ಬಾಯಿ ತೆರೆದಿತ್ತು. ನಾನು ಸ್ವಲ್ಪ ತಡವಾಗಿ ಬಂದಿದ್ದರೆ, ಅಥವಾ ಅವರು ಸ್ವಲ್ಪ ಬೇಗ.

ದೋನ್ ಅನ್ಸೆಲ್ಮೊಗೆ ಫೋನ್ ಮಾಡಿದೆ. ಬದುಕಿದ್ದೀಯಾ ಎಂದು ಕೇಳಿದರು, ಎಷ್ಟು ದನ ಉಳಿದಿವೆ ಎಂದು ಕೇಳಿದರು. ನಿದ್ದೆ ಹತ್ತಿತು ಎಂದೆ. ಅವರು ಮೆತ್ತಗೆ ಹೇಳಿದರು:

"ನಿದ್ದೆ ಅನ್ನೋ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬರಬಾರ್ದು. ಹಸು ಅಡ್ಡ ಬಂತು. ಆ ದಾರೀಲಿ ಬಿಟ್ಟ ಹಸುಗಳಿಗೇನು ಕಮ್ಮೀನಾ? ನಿದ್ದೆ ಅಂದ್ರೆ ವಿಮೆಯವರು ಕವಡೆ ಕಾಸೂ ಕೊಡಲ್ಲ."

ಪೊಲೀಸರು ಬಂದಾಗ ಹಸು ಅಡ್ಡ ಬಂತು ಎಂದೆ. ಬರೆದುಕೊಂಡರು. ಆಸ್ಪತ್ರೆಗೆ ಓಡಿಬಂದ ಸೆಲ್ವಾಗೂ ಅದನ್ನೇ ಹೇಳಿದೆ. ಆ ಹೊತ್ತಿಗೆ ಹೇಳಿ ಹೇಳಿ ಬಾಯಿಗೆ ಸಲೀಸಾಗಿತ್ತು.


ಜನವರಿ ೨೧, ಮಂಗಳವಾರ

ಸೆಲ್ವಾ ಅಕ್ಕನ ಮನೆಗೆ ಹೋಗುತ್ತಿಲ್ಲ. ನನ್ನ ಅಂಗಿಯ ರಕ್ತವನ್ನು ಮೂರು ನೀರಿನಲ್ಲಿ ತೊಳೆದಳು, ಹೋಗಲಿಲ್ಲ, ಒರೆಸುವ ಬಟ್ಟೆ ಮಾಡಿದಳು. ಆ ಹಸುವಿನ ಒಡೆಯರನ್ನು ಬಯ್ಯುತ್ತಾಳೆ. ಹಗ್ಗಕ್ಕೂ ಗತಿಯಿಲ್ಲದವರು ಹಸು ಯಾಕೆ ಸಾಕಬೇಕು ಎನ್ನುತ್ತಾಳೆ. ನಾನು ಗೋಡೆ ಕಡೆ ತಿರುಗಿ ಮಲಗುತ್ತೇನೆ.

ದೋನ್ ಅನ್ಸೆಲ್ಮೊ ಬಂದಿದ್ದರು. ಕೈ ಸರಿಯಾಗಲಿ, ಬೇರೆ ಲಾರಿ ಕೊಡುತ್ತೇನೆ ಎಂದರು. ಸೋಮವಾರ ಪೋಸೊ ಕೊಲೊರಾದೊ ಠಾಣೆಗೆ ಹೋಗಿ ಹೇಳಿಕೆಗೆ ಸಹಿ ಹಾಕಿ ಬಂದರೆ ಮುಗಿಯಿತಂತೆ. ಸಹಿ ತಾನೇ.

ನಿದ್ದೆಯಿಲ್ಲ. ಈಗ ಹಗಲೂ ಇಲ್ಲ, ರಾತ್ರಿಯೂ ಇಲ್ಲ.


ಜನವರಿ ೨೭, ಸೋಮವಾರ

ಒಬ್ಬನೇ ಹೋಗಿ ಬರುತ್ತೇನೆ ಎಂದೆ. ಸೆಲ್ವಾ ಒಪ್ಪಲಿಲ್ಲ. ಮಾರದೆ ಉಳಿದ ಚಿಪಾಗಳನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಆ ಜಾಗ ಬಂದಾಗ ನಾನು ಇನ್ನೊಂದು ಬದಿಗೆ ನೋಡಿದೆ. ಸೆಲ್ವಾ ನೋಡಿದಳು. ಕಾಲುವೆಯ ಮಣ್ಣು ಇನ್ನೂ ಕಿತ್ತು ಹೋದ ಹಾಗೆಯೇ ಇದೆಯಂತೆ.

ಠಾಣೆಯ ಹಿಂದೆ ಬೇಲಿಯ ಒಳಗೆ ಎರಡು ಹಸುಗಳನ್ನು ಕಟ್ಟಿದ್ದರು. ಒಂದು ಕೆಂಪು, ಇನ್ನೊಂದು ಬಿಳಿ ಮೈಗೆ ಕರಿ ಮಚ್ಚೆಯದ್ದು. ಎರಡೂ ಬಡಕಲು. ಒಳಗೆ ಬೆಂಚಿನ ಮೇಲೆ ರಮೋನಾ ಅಜ್ಜಿ ಕೂತಿದ್ದಳು, ಬರಿಗಾಲು, ಮಡಿಲಲ್ಲಿ ಖಾಲಿ ನೀರಿನ ಬಾಟಲಿ. ನನ್ನನ್ನು ನೋಡಿದ ಕೂಡಲೇ ಎದ್ದು ಬಂದು, ನನ್ನ ಗದ್ದ ಹಿಡಿದು ಹಣೆಯನ್ನು ಬೆಳಕಿಗೆ ತಿರುಗಿಸಿ ಹೊಲಿಗೆ ನೋಡಿದಳು. ಚೆನ್ನಾಗಿ ಕೂಡಿಕೊಂಡಿದೆ ಎಂದಳು. ಇವಳೇ ನೀರು ಕೊಟ್ಟವಳು ಎಂದು ನಾನು ಸೆಲ್ವಾಗೆ ಹೇಳಿದೆ. ಸೆಲ್ವಾ ಕೂಡಲೇ ಬುಟ್ಟಿ ಬಿಚ್ಚಿ ಎಲ್ಲ ಚಿಪಾಗಳನ್ನೂ ಅವಳ ಮಡಿಲಿಗೆ ಸುರಿದಳು.

ಅಧಿಕಾರಿ ಒಳ್ಳೆಯ ಮನುಷ್ಯನ ಹಾಗೆ ಕಂಡ. ಆ ಜಾಗದ ಸುತ್ತ ಹಸು ಇರುವುದು ಈ ಅಜ್ಜಿಯದ್ದು ಮಾತ್ರ, ರಸ್ತೆಗೆ ದನ ಬಿಟ್ಟದ್ದಕ್ಕೆ ಕಾನೂನು ಪ್ರಕಾರ ಎರಡನ್ನೂ ಜಪ್ತಿ ಮಾಡಬೇಕಾಗುತ್ತದೆ ಎಂದು ವಿವರಿಸಿದ. ತನಗೇನೂ ಸಂತೋಷವಿಲ್ಲ ಎಂದೂ ಹೇಳಿದ. ಹೇಳಿಕೆಯ ಹಾಳೆಯನ್ನು ನನ್ನ ಮುಂದೆ ಇಟ್ಟು ಪೆನ್ನು ಕೊಟ್ಟ.

ರಮೋನಾ ಅಜ್ಜಿ ಬೆಂಚಿನ ಮೇಲಿಂದಲೇ ಕೇಳಿದಳು. ಸಿಟ್ಟಿರಲಿಲ್ಲ. ನಾನೇನೋ ನೋಡಿದ್ದೇನೆ, ನನಗೆ ಗೊತ್ತಿರುತ್ತದೆ ಎಂದು ನಂಬಿ ಕೇಳಿದಳು.

"ಹಗ್ಗ ಹಳೇದು ಮಗ, ಕಿತ್ಕೊಂಡು ಹೋಗಿರ್ಬಹುದು. ನಾನು ಇಲ್ಲ ಅನ್ನಲ್ಲ. ಆದ್ರೆ ನೀನು ನೋಡಿದ್ದು ಕೆಂಪಿನದೋ ಮಚ್ಚೆಯದೋ, ಅಷ್ಟು ಹೇಳು. ಒಂದು ಮಾಡಿದ್ದಕ್ಕೆ ಎರಡನ್ನೂ ಯಾಕೆ ಹಿಡಿಬೇಕು? ಮಚ್ಚೆಯದು ಹಾಲು ಕೊಡ್ತಾ ಇದೆ, ಮನೇಲಿ ಮಕ್ಕಳಿದ್ದಾವೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೆಲ್ವಾ ಕೂಡ. ಕೆಂಪಿನದು ಎಂದುಬಿಡೋಣ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಕೆಂಪು ಅಂದರೆ ಅಜ್ಜಿಗೆ ಒಂದು ಉಳಿಯುತ್ತದೆ, ದೋನ್ ಅನ್ಸೆಲ್ಮೊ ಕೆಲಸ ಆಗುತ್ತದೆ, ನಾನೂ ಮನೆಗೆ ಹೋಗಬಹುದು. ಆದರೆ ಆ ಕೆಂಪು ಹಸುವನ್ನು ರಸ್ತೆಯ ಯಾವ ಬದಿಯಿಂದ ತರಬೇಕು, ಅದು ಓಡುತ್ತಿತ್ತೋ ನಿಂತಿತ್ತೋ, ಕೊಂಬು ಹೇಗಿತ್ತು, ಇದನ್ನೆಲ್ಲ ಕಟ್ಟಿ ಹೇಳಬೇಕಲ್ಲ. ನನ್ನಲ್ಲಿ ಅಷ್ಟು ಶಕ್ತಿ ಉಳಿದಿರಲಿಲ್ಲ. ಬಹಳ ಸುಸ್ತಾಗಿತ್ತು.

"ನಾನು ಯಾವ ಹಸೂನೂ ನೋಡಿಲ್ಲ ಅಜ್ಜಿ," ಎಂದೆ. "ನಿದ್ದೆ ಹೋಗಿದ್ದೆ."

ಅಧಿಕಾರಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ಬೇಡವಾಗಿತ್ತೋ, ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. ಎರಡನೆಯ ಸಲ ಸಲೀಸಾಗಿಯೇ ಬಂತು. ಅವನು ಹಾಳೆಯನ್ನು ಹರಿದು ಹೊಸ ಹಾಳೆ ತೆಗೆದುಕೊಂಡ. ಎಲ್ಲ ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ನನ್ನ ಲೈಸೆನ್ಸು ತೆಗೆದಿಟ್ಟುಕೊಂಡ.

ರಮೋನಾ ಅಜ್ಜಿ ನನ್ನನ್ನು ಬಯ್ಯಲಿಲ್ಲ. ಹಸುಗಳ ಹಗ್ಗ ಬಿಚ್ಚುತ್ತ, ಹಗ್ಗ ಹೊಸದು ತರಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಬೇಲಿಯ ತನಕ ಹೋದೆ. ಮಚ್ಚೆಯ ಹಸು ನನ್ನ ಕೈ ಮೂಸಿತು. ಕಿವಿಯ ಹಿಂದೆ ಉಣ್ಣೆ ಹುಳ ಕಚ್ಚಿಕೊಂಡಿತ್ತು, ಕಿತ್ತು ಹಾಕಿದೆ. ಬಸ್ಸು ಬರುವ ತನಕ ಅದರ ಕಿವಿಯನ್ನೇ ನೋಡುತ್ತ ನಿಂತಿದ್ದೆನಂತೆ, ಸೆಲ್ವಾ ಮೂರು ಸಲ ಕರೆದಳಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಸೆಲ್ವಾ ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಊರಿನ ದೀಪಗಳು ಕಾಣಿಸಿದಾಗ ಮುಂದಿನ ಸೀಟು ನೋಡುತ್ತ ಹೇಳಿದಳು:

"ನನ್ನ ಹತ್ರಾನೂ ಹಸು ಅಂದೆ."




ಜನವರಿ ೨೯, ಬುಧವಾರ

ದೋನ್ ಅನ್ಸೆಲ್ಮೊ ಮನೆಯೊಳಗೆ ಬರಲಿಲ್ಲ, ಗೇಟಿನಲ್ಲೇ ನಿಂತು ಮಾತಾಡಿದರು. ಒಳಗಿದ್ದ ಸೆಲ್ವಾಗೂ ಕೇಳುವ ಹಾಗೆ ಬಯ್ಯುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದೆನಲ್ಲ ವಿಲ್ಫ್ರಿದೊ ಎಂದರು. ಅವರ ಕಣ್ಣೂ ಕೆಂಪಾಗಿತ್ತು. ನಾಳೆಯಿಂದ ಬರಬೇಡ ಎಂದರು. ನಾನು ಹೂಂ ಎಂದೆ. ಲೈಸೆನ್ಸು ಯಾವಾಗ ವಾಪಸು ಕೊಡುತ್ತಾರೋ ಗೊತ್ತಿಲ್ಲ, ಕೊಟ್ಟರೂ ಯಾರು ಕರೆಯುತ್ತಾರೋ ಗೊತ್ತಿಲ್ಲ.

ಸೆಲ್ವಾ ನನ್ನ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಉಪ್ಪು ಕೊಡು, ಬಾಗಿಲು ಹಾಕು. ಪಾತ್ರೆಗಳನ್ನು ಮಾತ್ರ ಮೊದಲಿನ ಹಾಗೆ ಸದ್ದಾಗದಂತೆ ಎತ್ತಿ ಎತ್ತಿ ಇಡುತ್ತಾಳೆ. ಮಧ್ಯಾಹ್ನ ಒಂದು ದೊಡ್ಡ ಬೋಗುಣಿ ಬಿತ್ತು. ಅವಳು ಬಾಗಿಲ ಕಡೆ ನೋಡಿದಳು. ನಾನು ಎದ್ದು ಹೋಗಿ ಎತ್ತಿಟ್ಟೆ.


ಫೆಬ್ರವರಿ ೧, ಶನಿವಾರ

ಎವಾರಿಸ್ತೊ ಬಂದಿದ್ದ. ಎಂದಿನ ತಮಾಷೆ ಇರಲಿಲ್ಲ. ಅಂಗಳದಲ್ಲಿ ಕೂತು ತೆರೆರೆ ಕುಡಿದೆವು. ಎಲ್ಲರೂ ನನ್ನನ್ನು ಬೆಪ್ಪ ಅನ್ನುತ್ತಿದ್ದಾರಂತೆ. ತಾನೂ ಮೊದಲು ಹಾಗೆಯೇ ಅಂದನಂತೆ. ಲೋಟ ನನಗೆ ಕೊಟ್ಟು, ನೆಲ ನೋಡುತ್ತ ಕೇಳಿದ:

"ಮೊದ್ಲೇ ಗೊತ್ತಾಗುತ್ತಾ ಅದು? ಈಗ ಬರುತ್ತೆ ಅಂತ?"

ಇಲ್ಲ ಎಂದೆ. ಹುಲ್ಲಿನ ಸದ್ದು ಕೇಳಿದ ಮೇಲೇ ಗೊತ್ತಾಗಿದ್ದು ಎಂದೆ. ಸಂಜೆ ಐದಾದರೂ ಅವನು ಏಳಲಿಲ್ಲ. ಲಾರಿ ಕಾಯುತ್ತಿರುತ್ತದೆ ಎಂದು ನಾನು ನೆನಪಿಸಿದೆ. ಇವತ್ತು ಜ್ವರ ಅಂತ ಫೋನ್ ಮಾಡಿಬಿಡುತ್ತೇನೆ ಎಂದ. ನನ್ನ ಕುರ್ಚಿಯಲ್ಲೇ ಬಾಯಿ ತೆರೆದು ಮಲಗಿಬಿಟ್ಟ. ಕತ್ತಲಾದ ಮೇಲೆ ಸೆಲ್ವಾ ಅವನ ಮೇಲೆ ಸೊಳ್ಳೆ ಪರದೆ ಹರಡಿದಳು.


ಫೆಬ್ರವರಿ ೪, ಮಂಗಳವಾರ

ನಿನ್ನೆ ರಾತ್ರಿಯದ್ದು ಬರೆಯಬೇಕು.

ಎಂಟಕ್ಕೇ ಮಲಗಿದೆ. ಮಲಗಲು ಬೇಕಾದದ್ದೆಲ್ಲ ಇತ್ತು. ಕರೆಂಟಿತ್ತು, ಗಾಳಿ ತೆಂಕಣದಿಂದ ಬೀಸಿ ತಂಪಾಗಿತ್ತು, ರೇಡಿಯೋ ಇರಲಿಲ್ಲ. ಆದರೂ ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ. ಮೈಗೆ ಈಗ ರಾತ್ರಿಯೇ ಹಗಲಾಗಿದೆ. ಹೆದ್ದಾರಿಯಲ್ಲಿ ಒಂದೊಂದೇ ಲಾರಿ ಗೇರು ಬದಲಿಸುವುದು ಕೇಳುತ್ತಿತ್ತು. ಖಾಲಿ ಯಾವುದು, ತುಂಬಿದ್ದು ಯಾವುದು ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಸೆಲ್ವಾ ಬೆನ್ನು ಮಾಡಿ ಮಲಗಿದ್ದಳು. ಅವಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ ಎಂಬುದು ಈಗ ತಿಳಿಯಿತು. ಮೊದಲೂ ಕಡಿಯುತ್ತಿದ್ದಳೋ, ಈ ಮೂರು ತಿಂಗಳಲ್ಲಿ ಶುರುವಾದದ್ದೋ ಗೊತ್ತಿಲ್ಲ.

ಹೊರಳಿದರೆ ಅವಳಿಗೆ ಎಚ್ಚರವಾದೀತು ಎಂದು ಹಲಗೆಯ ಹಾಗೆ ಅಲುಗದೆ ಬಿದ್ದಿದ್ದೆ. ಕೈ ಮರಗಟ್ಟಿತು. ಬೆಳಗಿನ ಜಾವ, ಅವಳು ಏಳುವ ಹೊತ್ತಿಗೆ, ಹಲ್ಲು ಕಡಿಯುವುದು ನಿಂತಿತು. ಬೆನ್ನು ತಿರುಗಿಸದೆಯೇ ಕೇಳಿದಳು:

"ಎಚ್ಚರ ಇದ್ದೀಯಾ?"

"ಹೂಂ."

ಮತ್ತೆ ನಿದ್ದೆಹೋದಳು ಎಂದುಕೊಂಡೆ.

"ಹಾಗಿದ್ರೆ ಬಿದ್ಕೊಂಡು ಏನ್ಮಾಡ್ತಿದ್ದೀಯಾ, ಹೋಗಿ ಒಲೆ ಹಚ್ಚು."

ಎದ್ದು ಹೋಗಿ ಹಚ್ಚಿದೆ. ಸೌದೆ ಹಸಿಯಿತ್ತು, ಬಹಳ ಊದಬೇಕಾಯಿತು, ಹೊಗೆಗೆ ಕಣ್ಣೆಲ್ಲ ನೀರು. ಒಳಗಿಂದ ಅವಳು ಹಿಟ್ಟಿನ ಡಬ್ಬ ಎಳೆಯುವ ಸದ್ದು ಕೇಳಿಸಿತು. ಒಲೆ ಕಾಯ್ದ ಮೇಲೆ ಕೆಂಡ ಹೊರಗೆಳೆದೆ. ಅವಳು ಬಾಳೆ ಎಲೆಯ ಮೇಲೆ ಚಿಪಾಗಳನ್ನು ಜೋಡಿಸಿ ಒಳಗೆ ತಳ್ಳಿದಳು. ಮೊದಲನೆಯ ಸಾಲು ಒಂದು ಬದಿ ಸೀದುಹೋಯಿತು, ಬೆಂಕಿ ಜಾಸ್ತಿ ಮಾಡಿದೆ ಎಂದು ಬೈದಳು. ಸೀದದ್ದನ್ನು ಇಬ್ಬರೂ ಒಲೆಯ ಮುಂದೆ ನಿಂತೇ ತಿಂದೆವು.

ಅವಳು ಬುಟ್ಟಿ ಹೊತ್ತು ಹೋದದ್ದು ನೋಡಿದೆ. ಆಮೇಲೆ ಮೆಟ್ಟಿಲ ಮೇಲೆ ಕೂತದ್ದು ನೆನಪಿದೆ. ಮತ್ತೆ ಕಣ್ಣು ಬಿಟ್ಟಾಗ ಅವಳು ಖಾಲಿ ಬುಟ್ಟಿಯೊಂದಿಗೆ ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದಳು. ಬಿಸಿಲು ನನ್ನ ಮೊಣಕಾಲಿನ ತನಕ ಬಂದಿತ್ತು.